ಪುಷ್ಟಿಯೆಂಬ ಭ್ರಾಂತಿ

ಕೆಲವು ತಿಂಗಳ ಮೇಲೆ ಕಂಡ ಮಿತ್ರರನ್ನು “ಈಗ ಮೈಕೈ ತುಂಬಿಕೊಂಡಿದ್ದೀರಿ, ಮುಖಕ್ಕೆ ಕಳೆ ಬಂದಿದೆ” ಎಂದು ಮೆಚ್ಚಿ ಮಾತನಾಡಿಸುವುದು ನಮ್ಮ ಜನರ ವಾಡಿಕೆ. ಎರಡು ಹೊತ್ತು ಹೊಟ್ಟೆತುಂಬ ಉಣ್ಣುವುದೇ ಭಾಗ್ಯವೆಂದೆಣಿಸುತ್ತಿದ್ದ ಕಾಲದಿಂದ ಬಂದ ಈ ಮಾತಿನಲ್ಲಿ ಸದ್ಭಾವನೆಯ ಹೊರತು ಬೇರೇನೂ ಇಲ್ಲ. ಆದರೆ ದುಂಡಾದ ಮುಖವೆಲ್ಲವೂ ಆರೋಗ್ಯದ ಕುರುಹಲ್ಲವೆಂಬುದನ್ನು ವಾಚಕರ ಗಮನಕ್ಕೆ ತರುವುದು ಅವಶ್ಯವೆಂದು ತೋರಿದುದರಿಂದ ಇಂದು ಈ ವಿಷಯವನ್ನೆತ್ತಿಕೊಂಡಿದ್ದೇವೆ.

ನಮಗೆ ಬಹುಕಾಲದಿಂದ ಪರಿಚಿತರಾದ ನಿವೃತ್ತ ಗುಮಾಸ್ತರೊಬ್ಬರು ಮೊಣಕಾಲಿನ ನೋವಿಗೆಂದು, ಹೆಸರು ವಿವರವೊಂದೂ ಇಲ್ಲದ ಪುಡಿಯನ್ನು ವರ್ಷಕ್ಕೂ ಮೇಲ್ಪಟ್ಟು ಸೇವಿಸುತ್ತಿದ್ದರು. ನೋವು ಮಾಯವಾಯಿತು, ಹಸಿವು ಹೆಚ್ಚಿತು, ಮುಖವು ಹುಣ್ಣಿಮೆಯ ಚಂದ್ರನಂತಾಯಿತು. ನೋಡಿದವರೆಲ್ಲರೂ ಹೊಗಳಿದರು, ನಾವೂ ಹೊಗಳಿದೆವು. ಕ್ರಮೇಣ ಅವರು ಕೈಯೂರದೆ ನೆಲದಿಂದ ಏಳಲಾರದವರಾದರು. ಒಂದು ದಿನ ನೀರಿನ ಕೊಡವನ್ನೆತ್ತಿದಷ್ಟಕ್ಕೇ ಬೆನ್ನಿನ ಮೂಳೆ ಕುಸಿಯಿತು. ವೈದ್ಯರು ಪುಡಿಯ ಸಂಗತಿಯನ್ನು ಕೇಳಿದೊಡನೆ ರೋಗದ ಹೆಸರು ಹೇಳಿದರು. ನಮ್ಮ ಹೊಗಳಿಕೆಯನ್ನು ನೆನೆದು ನಾವು ನಾಚಿದೆವು.

ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಎಂಬ ಎರಡು ಸಣ್ಣ ಗ್ರಂಥಿಗಳುಂಟು. ಇವುಗಳ ಹೊರಪದರದಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಹುಟ್ಟಿ ರಕ್ತವನ್ನು ಸೇರುತ್ತದೆ. ಎಷ್ಟು ಹುಟ್ಟಬೇಕೆಂಬ ಅಪ್ಪಣೆ ಮಿದುಳಿನ ಬುಡದಲ್ಲಿರುವ, ಕಾಳಿನಷ್ಟೇ ಗಾತ್ರದ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಬೆಳಗಿನಲ್ಲಿ ಇದರ ಪ್ರಮಾಣ ಹೆಚ್ಚು, ನಡುರಾತ್ರಿಯಲ್ಲಿ ಅತ್ಯಲ್ಪ. ಇದಿಲ್ಲದೆ ಜೀವಧಾರಣೆಯೇ ಅಸಾಧ್ಯ. ಆದರೆ ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಅಮೆರಿಕದ ಪ್ರಖ್ಯಾತ ಶಸ್ತ್ರವೈದ್ಯರಾದ ಹಾರ್ವಿ ಕುಶಿಂಗರು 1912ರಲ್ಲಿ ಇಂತಹ ತರುಣಿಯೊಬ್ಬಳ ವೃತ್ತಾಂತವನ್ನು ಪ್ರಕಟಿಸಿದರು. 1932ರಲ್ಲಿ 12 ರೋಗಿಗಳ ವಿವರವನ್ನು ಒಟ್ಟುಗೂಡಿಸಿ, ಪಿಟ್ಯುಟರಿಯಲ್ಲಿ ಬೆಳೆಯುವ ಸಣ್ಣ ಗಂಟೇ ಇದರ ಮೂಲವೆಂದು ವಾದಿಸಿದರು. ರೋಗಕ್ಕೆ ಅವರ ಹೆಸರೇ ನಿಂತಿದೆ.

ಈ ರೋಗದ ಲಕ್ಷಣಗಳನ್ನು ಪ್ರತಿಯೊಬ್ಬ ಗೃಹಸ್ಥನೂ ಅರಿತಿರತಕ್ಕದ್ದು. ಮುಖ ದುಂಡಗಾಗಿ ಕೆಂಪೇರುತ್ತದೆ. ಹೊಟ್ಟೆ ಬೆಳೆಯುತ್ತದೆ; ಕೈಕಾಲುಗಳು ಮಾತ್ರ ಸೊರಗುತ್ತವೆ. ಹೆಗಲುಗಳ ನಡುವೆ, ಕತ್ತಿನ ಹಿಂದೆ, ಕೊಬ್ಬಿನ ಗಡ್ಡೆ ಏಳುತ್ತದೆ. ಚರ್ಮವು ಕಾಗದದಂತೆ ತೆಳುವಾಗಿ, ಸ್ವಲ್ಪ ತಗುಲಿದರೂ ನೀಲಿಗಟ್ಟುತ್ತದೆ. ಹೊಟ್ಟೆ ತೊಡೆಗಳ ಮೇಲೆ ಅಗಲವಾದ ಕೆನ್ನೀಲಿ ಗೀರುಗಳು ಮೂಡುತ್ತವೆ. ತೊಡೆ ತೋಳುಗಳ ಬಲ ಕುಗ್ಗಿ ಮೆಟ್ಟಲು ಹತ್ತುವುದೇ ಕಷ್ಟವಾಗುತ್ತದೆ. ರಕ್ತದ ಒತ್ತಡ, ಮಧುಮೇಹ, ಮೂಳೆಗಳ ಸವೆತ, ನಿದ್ರಾಭಂಗ, ಮನಸ್ಸಿನ ಕಳವಳ, ಪದೇ ಪದೇ ಬರುವ ಸೋಂಕು ಇವೂ ಜೊತೆಗೂಡುತ್ತವೆ. ಹೆಂಗಸರಲ್ಲಿ ಮುಟ್ಟು ಕ್ರಮ ತಪ್ಪಿ ಮುಖದ ಮೇಲೆ ಕೂದಲು ಬೆಳೆಯುವುದುಂಟು. ಅದನ್ನು ಕಂಡು ನಗುವವರು ರೋಗವನ್ನು ಹಾಸ್ಯಮಾಡುತ್ತಿದ್ದೇವೆಂಬುದನ್ನು ಅರಿಯರು. ಮಕ್ಕಳಾದರೆ ತೂಕವೇರುತ್ತದೆ, ಎತ್ತರದ ಬೆಳವಣಿಗೆ ಮಾತ್ರ ಕುಂಠಿತವಾಗುತ್ತದೆ. ಇವುಗಳಲ್ಲಿ ಒಂದನ್ನೇ ಕಂಡು ಯಾರೂ ಗಾಬರಿಪಡಬೇಕಾಗಿಲ್ಲ. ಹಲವು ಒಟ್ಟಿಗೆ ತೋರಿದಾಗ ಉದಾಸೀನ ಸಲ್ಲದು.

ಗ್ರಂಥಿಯ ಗಂಟಿನಿಂದ ತಾನಾಗಿ ಹುಟ್ಟುವ ಈ ರೋಗವು ವಿರಳ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವರಿಗೆ ಮಾತ್ರ ಬರುತ್ತದೆ. ಅದಕ್ಕಿಂತ ಬಹುಪಾಲು ಹೆಚ್ಚಾಗಿರುವುದು ಮನುಷ್ಯನು ತನ್ನ ಕೈಯಾರೆ ತಂದುಕೊಳ್ಳುವುದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಸಂಧಿವಾತದ ರೋಗಿಗೆ ಕಾರ್ಟಿಸೋನನ್ನು ಮೊದಲು ಕೊಟ್ಟಾಗ, ಹಾಸಿಗೆ ಹಿಡಿದಿದ್ದವರು ಎದ್ದು ನಡೆದರು. ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಎಂಬ ಮೂವರು ವಿದ್ವಾಂಸರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ವಂಶದ ಸ್ಟೀರಾಯ್ಡ್ ಔಷಧಗಳು ಇಂದಿಗೂ ಅಸಂಖ್ಯ ಜೀವಗಳನ್ನುಳಿಸುತ್ತಿವೆ. 2020ರ ಕೋವಿಡ್ ಹಾವಳಿಯಲ್ಲಿ, ಆಮ್ಲಜನಕದ ಆಸರೆ ಬೇಕಾದ ರೋಗಿಗಳ ಮರಣವನ್ನು ಡೆಕ್ಸಾಮೆಥಾಸೋನ್ ತಗ್ಗಿಸಿತು. ಮರುವರ್ಷ ನಮ್ಮ ದೇಶದಲ್ಲಿ ಅದೇ ಬಗೆಯ ಔಷಧಗಳ ಮಿತಿಮೀರಿದ ಬಳಕೆಯು ಮಧುಮೇಹದೊಡನೆ ಕೂಡಿ ಕಪ್ಪು ಶಿಲೀಂಧ್ರದ ಉಪದ್ರವಕ್ಕೆ ದಾರಿ ಮಾಡಿತು. ಗುಣವೂ ದೋಷವೂ ಒಂದೇ ಗುಳಿಗೆಯಲ್ಲಿವೆ. ಅಳತೆಯನ್ನರಿತವನ ಕೈಯಲ್ಲಿ ಮಾತ್ರ ಅದು ಔಷಧ.

ಇಂತಹ ಔಷಧಗಳು 1945ರ ಔಷಧ ನಿಯಮಗಳ ‘ಎಚ್’ ಅನುಸೂಚಿಗೆ ಸೇರಿದವು. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬುದು ಶಾಸನ. ಆದರೂ ಹಸಿವಿಗೆ, ಕೀಲುನೋವಿಗೆ, ಉಬ್ಬಸಕ್ಕೆ, ಮೈ ಬೆಳ್ಳಗಾಗುವುದಕ್ಕೆ ಎಂದು ಚೀಟಿಯಿಲ್ಲದೆ ಗುಳಿಗೆ, ಮುಲಾಮುಗಳು ಕೈಸೇರುತ್ತಿರುವುದು ಯಾರಿಗೆ ತಿಳಿಯದು? ನಾಟಿ ಔಷಧವೆಂಬ ಹೆಸರಿನ ಪುಡಿಗಳಲ್ಲಿಯೂ ಇವನ್ನು ಗುಟ್ಟಾಗಿ ಬೆರೆಸುವವರುಂಟು. ಮಾರುವವನ ಲೋಭವನ್ನು ಅಧಿಕಾರಿಗಳು ಅಡಗಿಸಬೇಕು. ಕೊಳ್ಳುವವನ ಆತುರವನ್ನು ಅವನೇ ಅಡಗಿಸಬೇಕು.

ಇಲ್ಲಿ ಅತಿ ಮುಖ್ಯವಾದ ಎಚ್ಚರಿಕೆಯೊಂದನ್ನು ಹೇಳದಿದ್ದರೆ ನಮ್ಮ ಲೇಖನದಿಂದಲೇ ಕೇಡಾದೀತು. ಬಹುದಿನ ಸ್ಟೀರಾಯ್ಡ್ ಸೇವಿಸುತ್ತಿರುವವರು ಇದನ್ನೋದಿ ಹೆದರಿ ಅದನ್ನು ಒಮ್ಮೆಗೇ ನಿಲ್ಲಿಸಕೂಡದು. ಹೊರಗಿನ ಔಷಧ ಬರುತ್ತಿರುವಷ್ಟು ಕಾಲ ಸ್ವಂತ ಗ್ರಂಥಿಯು ಕೆಲಸ ಬಿಟ್ಟು ಮಲಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ವಾಂತಿ, ನಿತ್ರಾಣಗಳುಂಟಾಗಿ, ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಅಪ್ಪಣೆಯಂತೆ ಮೆಲ್ಲಮೆಲ್ಲನೆ ತಗ್ಗಿಸುವುದೊಂದೇ ಮಾರ್ಗ.

ಔಷಧದ ಸಂಪರ್ಕವೇ ಇಲ್ಲದೆ ಲಕ್ಷಣಗಳು ತೋರಿದರೆ ಪರೀಕ್ಷೆಗಳುಂಟು: 24 ಗಂಟೆಗಳ ಮೂತ್ರ, ನಡುರಾತ್ರಿಯ ಉಗುಳು, ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟು ಬೆಳಿಗ್ಗೆ ತೆಗೆದ ರಕ್ತ, ಇವುಗಳಿಂದ ಕಾರ್ಟಿಸಾಲಿನ ಅತಿರೇಕವು ಬಯಲಾಗುತ್ತದೆ. ಪಿಟ್ಯುಟರಿಯ ಗಂಟನ್ನು ಇಂದು ತಲೆಬುರುಡೆಯನ್ನು ತೆರೆಯದೆ ಮೂಗಿನ ಮಾರ್ಗವಾಗಿಯೇ ತೆಗೆಯುತ್ತಾರೆ. ಬೇಗ ಗುರುತಿಸಿದರೆ ಗುಣವಾಗುವ ರೋಗವಿದು. ಅಲಕ್ಷಿಸಿದರೆ ಹೃದಯವನ್ನೂ ಮೂಳೆಯನ್ನೂ ತಿನ್ನುವ ರೋಗ.

ಆದುದರಿಂದ ನಮ್ಮ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಬಂಧುಮಿತ್ರರ ಮುಖ ಅಕಾಲದಲ್ಲಿ ದುಂಡಗಾದುದನ್ನು ಕಂಡರೆ ಹೊಗಳಲೂ ಬೇಡಿರಿ, ಹಾಸ್ಯಮಾಡಲೂ ಬೇಡಿರಿ. “ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ? ಯಾರು ಬರೆದುಕೊಟ್ಟರು?” ಎಂದು ಸ್ನೇಹದಿಂದ ವಿಚಾರಿಸಿರಿ. ನಾವು ನಮ್ಮ ಮಿತ್ರರನ್ನು ಸಕಾಲದಲ್ಲಿ ಕೇಳಬೇಕಾಗಿದ್ದು, ಕೇಳದೆ ಹೋದುದು ಆ ಎರಡು ಪ್ರಶ್ನೆಗಳನ್ನೇ.