ಮುತ್ತತ್ತಿ ದಾರಿಯಲ್ಲಿ ಕಣ್ಣಳತೆಯ ಸ್ಪೀಡು

ಶನಿವಾರ ಬಂತೆಂದರೆ ಮದ್ದೂರು, ಮಳವಳ್ಳಿ ಕಡೆಯ ಗಾಡಿಗಳು ಹಲಗೂರಿನತ್ತ ಮುಖ ಮಾಡುತ್ತವೆ. ಮುತ್ತತ್ತಿರಾಯನಿಗೆ ಹಣ್ಣುಕಾಯಿ ಮಾಡಿಸಿ, ಕಾವೇರಿಯಲ್ಲಿ ಕಾಲು ನೆನೆಸಿ, ಮರದಡಿ ಉಂಡು, ಕತ್ತಲಾಗುವ ಮುಂಚೆ ಕಾಡು ದಾಟಬೇಕೆಂಬುದು ಎಲ್ಲರ ಅವಸರ. ಬೈಕಿಗೂ ಅದೇ, ಟೆಂಪೋಗೂ ಅದೇ. ಇಂಥ ಹೊತ್ತಿನಲ್ಲಿ ತಿರುವಿನಲ್ಲೊಂದು ಖಾಕಿ ತೋಳು ಅಡ್ಡ ಬಂದರೆ?

"ಏನಯ್ಯಾ, ಎಂಬತ್ತರಲ್ಲಿ ಬರ್ತಿದ್ದೀಯ?"

"ಇಲ್ಲ ಸಾ, ನಲವತ್ತೂ ದಾಟಿಲ್ಲ ಕಣ್ ಸಾ."

"ನಾನೇ ಕಣ್ಣಾರೆ ನೋಡಿದೀನಿ. ಕಟ್ಟು ಸಾವಿರ."

ಯಾವ ರಸ್ತೆಯಲ್ಲಾದರೂ ಈ ಸಂಭಾಷಣೆಗೆ ಒಂದೇ ರಾಗ. ಅಂಗಡಿ ಇಟ್ಟಿರುವವರು ನೀವೇ ಹೇಳಿ: ಅಕ್ಕಿಯನ್ನು ಕಣ್ಣಳತೆಯಲ್ಲಿ ಕಟ್ಟಿಕೊಟ್ಟರೆ ಗಿರಾಕಿ ಸುಮ್ಮನಿರುತ್ತಾನೆಯೇ? ತಕ್ಕಡಿ ಬೇಕು. ತಕ್ಕಡಿಗೆ ಸರ್ಕಾರದ ಮುದ್ರೆಯೂ ಬೇಕು. ಸ್ಪೀಡಿನ ವಿಚಾರದಲ್ಲೂ ಕಾನೂನು ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 183ನೇ ಕಲಮಿನ ಪ್ರಕಾರ, 'ಜಾಸ್ತಿ ಸ್ಪೀಡಿತ್ತು ಅನ್ನಿಸಿತು' ಎಂದು ಒಬ್ಬನೇ ಸಾಕ್ಷಿ ನುಡಿದ ಮಾತ್ರಕ್ಕೆ ಶಿಕ್ಷೆ ಕೊಡುವಂತಿಲ್ಲ. ಯಂತ್ರದಿಂದಲೋ ಎಲೆಕ್ಟ್ರಾನಿಕ್ ಸಾಧನದಿಂದಲೋ ಅಳೆದದ್ದೆಂದು ತೋರಿಸಬೇಕು. ಹಾಗೆಂದು ಹಾರಾಡಬೇಡಿ; ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಬೇರೆಯೇ ಕಲಂ ಇದೆ, ಅದಕ್ಕೆ ಸ್ಪೀಡ್ ಗನ್ ಬೇಕಿಲ್ಲ.

ಈ ಕಲಮನ್ನು ರಸ್ತೆ ಮಧ್ಯೆ ನಿಂತು ಪಾಠ ಒಪ್ಪಿಸಿದರೆ ಆಗುವುದು ರಂಪ ಮಾತ್ರ. ಗಾಡಿಯನ್ನು ಎಡಕ್ಕೆ ಹಾಕಿ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಫೋನಿನ ಡಿಜಿಲಾಕರ್‌ನಲ್ಲಿರುವುದೂ ನಡೆಯುತ್ತದೆ. ಆಮೇಲೆ ಮೆತ್ತಗೆ ಕೇಳಿ: "ಸಾರ್, ಮಿಷಿನ್‌ನಲ್ಲಿ ಎಷ್ಟು ತೋರಿಸ್ತು?" ದಂಡ ಕಟ್ಟಿದರೆ ಕೇಸು ಮುಗಿಯಿತು, ರಸೀದಿ ಬಿಡಬೇಡಿ. ಲೈಸೆನ್ಸ್ ವಶಕ್ಕೆ ತೆಗೆದುಕೊಂಡರೆ ಸ್ವೀಕೃತಿ ಚೀಟಿ ಕೊಡಬೇಕು. ಲೈಸೆನ್ಸ್ ವಾಪಸು ಬರುವ ತನಕ ಅಥವಾ ಚೀಟಿಯ ಅವಧಿ ಮುಗಿಯುವ ತನಕ ಅದೇ ನಿಮ್ಮ ಪರವಾನಗಿ. ಸ್ಥಳದಲ್ಲೇ ಕಟ್ಟಲೇಬೇಕೆಂಬ ಬಲವಂತವಿಲ್ಲ. ಕೋರ್ಟಿಗೆ ಹೋಗಿ 'ತಪ್ಪು ಒಪ್ಪುವುದಿಲ್ಲ' ಎನ್ನಬಹುದು. ಆದರೆ ಸಾವಿರ ರೂಪಾಯಿಗೆ ಎಷ್ಟು ದಿನ ಅಂಗಡಿ ಬಾಗಿಲು ಹಾಕುತ್ತೀರಿ, ಅದನ್ನೂ ಲೆಕ್ಕ ಹಾಕಿ. ನಿಜಕ್ಕೂ ಎಂಬತ್ತರಲ್ಲಿ ಬಂದಿದ್ದರೆ ತೆಪ್ಪಗೆ ಕಟ್ಟಿ ಬನ್ನಿ.

ರಸ್ತೆ ಮೇಲಿನ ಜಗ್ಗಾಟದ ಬೆಲೆ ಏನೆಂದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2025ರ ಮೇ 26ರಂದು ಮದ್ದೂರು ತಾಲ್ಲೂಕಿನ ದಂಪತಿ, ನಾಯಿ ಕಚ್ಚಿದ್ದ ಪುಟ್ಟ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಂಡ್ಯದ ಆಸ್ಪತ್ರೆಗೆ ಹೊರಟಿದ್ದರು. ಹೆಲ್ಮೆಟ್ ತಪಾಸಣೆಗೆ ಪೊಲೀಸರು ತಡೆದಾಗ ಮಗು ಕೆಳಗೆ ಬಿತ್ತು, ಮೇಲೆ ವಾಹನ ಹರಿಯಿತು. ಮಗು ಉಳಿಯಲಿಲ್ಲ. ಮೂವರು ಎ.ಎಸ್.ಐ.ಗಳು ಅಮಾನತಾದರು. ಬಳಿಕ ರಾಜ್ಯದ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಸೂಚನೆ ಹೊರಡಿಸಿದರು: ಕಣ್ಣಿಗೆ ಕಾಣುವ ತಪ್ಪಿದ್ದರೆ ಮಾತ್ರ ನಿಲ್ಲಿಸಿ, ದಿಢೀರನೆ ಎದುರು ನುಗ್ಗಬೇಡಿ, ಕೀ ಕಿತ್ತುಕೊಳ್ಳಬೇಡಿ, ಸ್ಪೀಡಾಗಿ ಹೋದವನನ್ನು ಬೆನ್ನಟ್ಟದೆ ನಂಬರ್ ಗುರುತು ಮಾಡಿಕೊಂಡು ಕಂಟ್ರೋಲ್ ರೂಮಿಗೆ ತಿಳಿಸಿ. ಮೊದಲೇ ಗೊತ್ತಿರಬೇಕಾದ ಮಾತುಗಳು, ಒಂದು ಕೂಸು ಹೋದ ಮೇಲೆ ಕಾಗದಕ್ಕಿಳಿದವು.

ಇನ್ನು ಕ್ಯಾಮೆರಾ. 2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲೇ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇಯಲ್ಲಿ ಕೈ ಅಡ್ಡ ಹಾಕುವವರೇ ಬೇಕಿಲ್ಲ. ನೂರು ದಾಟಿದರೆ ನೋಟೀಸು ಮನೆಗೇ ಬರುತ್ತದೆ. ಇದಕ್ಕೂ ತಕ್ಕಡಿಯ ಮುದ್ರೆಯಂಥ ಕಟ್ಟಳೆ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ಪ್ರಕಾರ ಯಂತ್ರಕ್ಕೆ ವರ್ಷವರ್ಷ ನವೀಕರಿಸಿದ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇದೆಯೆಂಬ ಫಲಕ ಮೊದಲೇ ಕಾಣಬೇಕು, 15 ದಿನದೊಳಗೆ ನೋಟೀಸು ಕಳಿಸಬೇಕು. ಫೋಟೋ, ಅಳತೆ, ದಿನಾಂಕ, ಹೊತ್ತು, ಜಾಗ ಎಲ್ಲ ಜೊತೆಗಿರಬೇಕು. ತಕರಾರು ಎತ್ತುವವರು ಮೊದಲು ಫೋಟೋ ನೋಡಿ: ಗಾಡಿ ನಿಮ್ಮದೇನಾ, ನಂಬರ್ ನಿಮ್ಮದೇನಾ? ಗಾಡಿ ಮಾರಿ ಹೆಸರು ಬದಲಿಸದೆ ಬಿಟ್ಟವರಿಗೆ, ಕೊಂಡವನ ಪಾಪವೆಲ್ಲ ಅಂಚೆಯಲ್ಲಿ ಬರುತ್ತದೆ.

2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತ್ತು. ಬಟ್ಟೆ ಅಂಗಡಿಯ ಆಷಾಢದ ಸೇಲಿನಂತೆ ಅದಕ್ಕೇ ಕಾದು ಕೂತವರೂ ನಮ್ಮಲ್ಲುಂಟು.

ಬಸ್ಸಿನಲ್ಲಿ ಓಡಾಡುವವರಿಗೂ 183ನೇ ಕಲಮಿನ ಬಾಲದಲ್ಲೊಂದು ಮಾತಿದೆ. ಸ್ಪೀಡ್ ಮಿತಿ ಮೀರದೆ ತಲುಪಲಾಗದಂಥ ಟೈಮ್ ಟೇಬಲ್ ಹಾಕಿದರೆ, ಹಾಕಿದವರದೇ ತಪ್ಪೆಂದು ಕೋರ್ಟು ಮೇಲ್ನೋಟಕ್ಕೆ ಭಾವಿಸಬಹುದು. ಈ ಸಾಲನ್ನು ನಮ್ಮ ಕಡೆಯ ಒಬ್ಬ ಡ್ರೈವರಿಗೆ ಓದಿ ಹೇಳಿದೆ. ಆತ ಗಡಿಯಾರ ನೋಡಿಕೊಂಡು, "ಇದ್ನ ದೊಡ್ ಅಕ್ಷರದಲ್ಲಿ ಬರ್ಸಿ ಡಿಪೋ ಗೋಡೆಗೆ ಅಂಟ್ಸಿ ಸಾ, ಈಗ ಇಳೀರಿ, ಟೈಮಾಯ್ತು" ಅಂದ.