ಎರಡಾಣೆಯ ಮರ್ಯಾದೆ

ಮಣಿಪಾಲದ ಗುಡ್ಡವನ್ನೇರಿದವರು ಡಾ. ಟಿ. ಎಂ. ಎ. ಪೈಯವರನ್ನು ಅಲ್ಲಿಯ ಸೌಧಗಳೊಡನೆ ಜೋಡಿಸಿ ನೆನೆಯುವುದು ವಾಡಿಕೆ. 1953ರಲ್ಲಿ ಆ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದು ಸಾಮಾನ್ಯ ಸಾಹಸವಲ್ಲ, ನಿಜ. ಆದರೆ ಅವರನ್ನು ನಾನು ಗೌರವಿಸುವ ಕಾರಣ ಅದಕ್ಕಿಂತ ಹಳೆಯದು, ಬಹಳ ಚಿಕ್ಕದು: ಎರಡಾಣೆ.

ಕೈಮಗ್ಗದವರು ಕಂಗೆಟ್ಟಿದ್ದ 1925ರಲ್ಲಿ, ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರೊಡನೆ ಅವರು ಉಡುಪಿಯಲ್ಲಿ ಒಂದು ಬ್ಯಾಂಕನ್ನು ತೆರೆದರು. ಮೂಲಧನ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ್ದು ಇದೇ. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸಾಕು. ಒಯ್ಯಲು ಏಜೆಂಟನೇ ಬಾಗಿಲಿಗೆ ಬರುವನು. ತಿಂಗಳಿಗೆ ಕೂಡಿದರೆ 3 ರೂಪಾಯಿ 12 ಆಣೆ! ಕಾಪುವಿನ ಕಡಲತಡಿಯವನಾಗಲಿ, ಕಾರ್ಕಳ ಪೇಟೆಯ ಕೂಲಿಯಾಗಲಿ, ಇಷ್ಟು ಚಿಲ್ಲರೆಯನ್ನು ಹಿಡಿದು ಬ್ಯಾಂಕಿನ ಮೆಟ್ಟಿಲೇರಲು ಸಂಕೋಚಪಡುತ್ತಿದ್ದ ದಿನಗಳವು.

ಇದು ದಾನವಲ್ಲವೆಂಬುದೇ ನನಗೆ ಹಿಡಿಸಿದ ಅಂಶ. ಬ್ಯಾಂಕಿಗೂ ಹಣ ಬೇಕಿತ್ತು. ಅದನ್ನು ಕೊಡಬಲ್ಲವನೆಂದು ಬಡವನನ್ನೆಣಿಸಿ, ಅವನಿದ್ದಲ್ಲಿಗೇ ಹೋದರು.

2020ರ ವಿಲೀನದಲ್ಲಿ ಸಿಂಡಿಕೇಟಿನ ಹೆಸರು ಫಲಕಗಳಿಂದ ಮರೆಯಾಯಿತು. ಆದರೂ ಚೀಲ ಹಿಡಿದವರು ಅಂಗಡಿಯ ಮುಂದೆ ನಿಂತರೆ, ಯಾವ ಸೊಸೈಟಿಯವರೇ ಆಗಿರಲಿ, "ಪಿಗ್ಮಿಯವರು ಬಂದರು" ಎಂದೇ ನಮ್ಮವರು ಗಲ್ಲಾಪೆಟ್ಟಿಗೆಯನ್ನು ತೆರೆಯುತ್ತಾರೆ.