ಜ್ವರ ಬಿಟ್ಟ ದಿನ

“ಜ್ವರಾ ಬಿಟ್ಟಾವು, ಇನ್ನೇನ್ ಚಿಂತಿಲ್ಲ ಬಿಡ್ರಿ.” ಮಳೆಗಾಲದಲ್ಲಿ ಹುಬ್ಬಳ್ಳಿ ಬಳಿಯ ತಡಸದ ಕಡೆ ಈ ಮಾತು ಕೇಳಿದಾಗಲೆಲ್ಲ ನನಗೆ ದಿಗಿಲು. ಡೆಂಗಿಯಲ್ಲಿ ಮಕ್ಕಳ ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಮೈಕಾವು ಇಳಿಯುವ ಹೊತ್ತಿಗೇ. ಜ್ವರ ಶುರುವಾದ 3ರಿಂದ 7ನೇ ದಿನದೊಳಗೆ ಕೆಲವರಲ್ಲಿ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ರಕ್ತದ ನೀರಿನಂಶ ಹೊಟ್ಟೆಗೆ, ಎದೆಗೂಡಿಗೆ ಇಳಿಯುತ್ತದೆ. ಉಳಿದ ರಕ್ತ ಮಂದವಾಗಿ ಒತ್ತಡ ಕುಸಿಯುತ್ತದೆ. ಇದೆಲ್ಲ ನಡೆಯುವುದು 24ರಿಂದ 48 ತಾಸಿನಲ್ಲಿ. ಆಗ ಅಳೆದು ಸಲೈನ್ ಕೊಟ್ಟರೆ ಬಹುತೇಕ ಮಕ್ಕಳು ಉಳಿಯುತ್ತಾರೆ. ತೀವ್ರ ಡೆಂಗಿಗೆ ಚಿಕಿತ್ಸೆ ಸಿಗದಿದ್ದರೆ ಸಾವು ನೂರಕ್ಕೆ 20ರವರೆಗೂ ಹೋಗಬಹುದು.

ನಮ್ಮವರು ಪ್ಲೇಟ್‌ಲೆಟ್ ಲೆಕ್ಕ ಹಿಡಿದು ಕೂರುತ್ತಾರೆ, ಪಪ್ಪಾಯಿ ಎಲೆ ಅರೆಯುತ್ತಾರೆ. ಆದರೆ ಸೋರಿಕೆಯ ಸುಳಿವು ಸಿಗುವುದು ಅದೇ ರಕ್ತಪರೀಕ್ಷೆಯ ವರದಿಯಲ್ಲಿರುವ, ರಕ್ತ ಎಷ್ಟು ಮಂದವಾಗಿದೆ ಎಂದು ತೋರಿಸುವ ಹೆಮಟೋಕ್ರಿಟ್ ಏರುವುದರಲ್ಲಿ. ಮನೆಯಲ್ಲಾದರೆ ಮಗುವನ್ನೇ ನೋಡಬೇಕು: ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಮೂಗು ಒಸಡಿನಲ್ಲಿ ರಕ್ತ, ತಣ್ಣನೆಯ ಕೈಕಾಲು, ಆರು ತಾಸಾದರೂ ಮೂತ್ರವಿಲ್ಲ, ಮಂಕು ಅಥವಾ ಕಾರಣವಿಲ್ಲದ ರಚ್ಚೆ. ಒಂದಿದ್ದರೂ ತಡಮಾಡದೆ ಹೊರಡಬೇಕು. ತಡಸ ಕ್ರಾಸಿನಿಂದ ಹೆದ್ದಾರಿ ಹಿಡಿದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ದೂರವೇನಲ್ಲ, 108 ಆಂಬ್ಯುಲೆನ್ಸ್ ರಾತ್ರಿಯೂ ಬರುತ್ತದೆ. “ಒಂದ್ ಸೂಜಿ ಮಾಡಿಸಿದ್ರ ಆತು” ಎನ್ನುವುದು ಇಲ್ಲಿ ಅಪಾಯ: ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಔಷಧಿಗಳು ರಕ್ತಸ್ರಾವ ಹೆಚ್ಚಿಸಬಲ್ಲವು. ಜ್ವರಕ್ಕೆ ತೂಕ ನೋಡಿ ಕೊಟ್ಟ ಪ್ಯಾರಾಸಿಟಮಾಲ್ ಸಾಕು.

(ಎರಡು ತಿಂಗಳೊಳಗಿನ ಕೂಸಿಗೆ ಹೀಗೆ ಲಕ್ಷಣ ನೋಡುತ್ತ ಕಾಯುವ ಲೆಕ್ಕವೇ ಇಲ್ಲ. ಜ್ವರ ಬಂದರೆ, ಹಾಲು ಬಿಟ್ಟರೆ, ನಿಮಿಷಕ್ಕೆ 60 ಸಲ ಅಥವಾ ಹೆಚ್ಚು ಉಸಿರಾಡಿದರೆ ಅಂದೇ ದವಾಖಾನೆ.)

ಮುಂದಿನ ಮಳೆಗಾಲಗಳ ಬಗ್ಗೆ ನನಗೆ ಹೆಚ್ಚು ಭಯ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಈ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದುಹೋದ ಮಗುವಿಗೆ ಇನ್ನೊಂದು ತಗುಲಿದರೆ ರೋಗ ಉಲ್ಬಣಿಸುವ ಸಾಧ್ಯತೆ ಹೆಚ್ಚು. ಪ್ರತಿವರ್ಷ ಹಾಗೆ ಒಮ್ಮೆ ಗೆದ್ದು ಬಂದ ಮಕ್ಕಳು ಕೂಡುತ್ತಲೇ ಹೋಗುತ್ತಾರೆ. ನಳದ ನೀರು ದಿನಬಿಟ್ಟು ದಿನ ಬರುವ ಊರಲ್ಲಿ ಬ್ಯಾರಲ್ ತುಂಬಿಡದೆ ಗತಿಯಿಲ್ಲ. ಅದರ ಒಳಗೋಡೆಗೆ ಅಂಟಿದ, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿ, ನೀರು ತಾಗಿದ ವಾರ ಹತ್ತು ದಿನದಲ್ಲಿ ಸೊಳ್ಳೆಯಾಗುತ್ತದೆ. ನೀರು ಚೆಲ್ಲಿದರೆ ಸಾಲದು, ಗೋಡೆ ತಿಕ್ಕಬೇಕು.

ಮಗುವಿಗೆ ಜ್ವರ ಬಂದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಜ್ವರ ಯಾವತ್ತು ಶುರುವಾಯಿತು, ಮಗು ಕೊನೆಗೆ ಮೂತ್ರ ಮಾಡಿದ್ದು ಯಾವಾಗ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ.